ಎಡಗಡೆಯ ಸ್ಪೀಕರ್

ನನ್ನ ಹೋಮ್ ಥಿಯೇಟರ್‌ಗೆ ಸ್ಪೀಕರ್‌ಗಳಿಗೆಲ್ಲ ಸದ್ದು ಹಂಚುವ ಹಳೆಯ ಸರೌಂಡ್ ಪ್ರೊಸೆಸರ್ ಕೊಳ್ಳಲು ತಿರುಮಣಿಗೆ ಹೋಗಿದ್ದೆ. ಅಲ್ಲಿನ ಸೋಲಾರ್ ಪಾರ್ಕ್‌ಗೆ ಜಮೀನು ಕೊಟ್ಟು, ಬಂದ ದುಡ್ಡಿನಲ್ಲಿ ಮನೆಯಲ್ಲೇ ಸಿನಿಮಾ ಕೋಣೆ ಮಾಡಿಸಿಕೊಂಡಿದ್ದ ಯಜಮಾನರು ತೀರಿಕೊಂಡಿದ್ದರು. ಈಗ ಮಾರುತ್ತಿದ್ದವರು ಅವರ ಹೆಂಡತಿ.

ಹಾಡು ಹಾಕಿ ನೋಡಿದೆ. ಎಡಗಡೆಯ ಸ್ಪೀಕರ್‌ಗಳಲ್ಲಿ ಸದ್ದೇ ಇಲ್ಲ. ಕೆಟ್ಟಿದೆ, ಬೆಲೆ ಇಳಿಸಬಹುದು ಅಂತ ಒಳಗೊಳಗೇ ಹಿಗ್ಗಿದೆ. ಸೆಟ್ಟಿಂಗ್ ತೆರೆದರೆ, ಎಡಗಡೆಯದನ್ನೆಲ್ಲ ಬೇಕಂತಲೇ ಬಂದ್ ಮಾಡಿ ಪೂರ್ತಿ ಸದ್ದನ್ನು ಬಲಕ್ಕೆ ತಿರುಗಿಸಿದ್ದರು.

“ಯಜಮಾನ್ರಿಗೆ ಎಡಗಿವಿ ಕೇಳಿಸ್ತಿರಲಿಲ್ವಾಮ್ಮಾ?” ಅಂದುಬಿಟ್ಟೆ.

ಆಕೆ ಮೂಲೆಯ ಸೋಫಾ ಕಡೆ ನೋಡಿದರು. “ನಂಗೊಂದಿನಾನೂ ಹೇಳ್ಲಿಲ್ಲ ಕಣಣ್ಣ. ಹೆಂಡ್ತಿ ಎಡಗಡೀಕೇ ಕೂರ್ಬೇಕು ಅಂತ ನಾನು ಯಾವಾಗ್ಲೂ ಅಲ್ಲೇ ಕೂರ್ತಿದ್ದೆ. ಎಷ್ಟು ಮಾತಾಡ್ಸಿದ್ರೂ ತಿರುಗಿ ನೋಡ್ತಿರಲಿಲ್ಲ. ನನ್ ಮ್ಯಾಲೆ ಸಿಟ್ಟು ಅಂದ್ಕೊಂಡು ನಾನೂ ಮಾತು ಬುಟ್ಬುಟ್ಟೆ.”

ಗಟ್ಟಿಯಾಗಿ ಹಾಡುತ್ತಿದ್ದ ಬಲಗಡೆಯ ಸ್ಪೀಕರನ್ನು ಮೊದಲು ನಿಲ್ಲಿಸಿದೆ. ಆಮೇಲೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಕೇಳಿದಷ್ಟು ಕೊಟ್ಟು ಪ್ರೊಸೆಸರ್ ತಂದೆ.

ಮನೆಯಲ್ಲಿ ಎರಡೂ ಕಡೆಯ ಸದ್ದು ಸಮ ಮಾಡಿಟ್ಟಿದ್ದೇನೆ. ನನ್ನ ಕಿವಿಗಳು ಎರಡೂ ನೆಟ್ಟಗಿವೆ. ಹೆಂಡತಿ ಕರೆದಾಗ ನಾನು ಓಗೊಡುವುದಿಲ್ಲವಲ್ಲ, ಅದಕ್ಕೆ ಹೇಳಿಕೊಳ್ಳಲು ಆ ನೆಪವೂ ನನಗಿಲ್ಲ.