ಕಿವಿಯಲ್ಲಿ ಎತ್ತರ ಹೇಳುವ ಟೀಚರ್

ಗುರುವಾರ ಮಧ್ಯಾಹ್ನ ಮೂರೂವರೆಗೆ ಮನೆಗೆ ಬರುತ್ತೇನೆ, ತಿಂಡಿಗಿಂಡಿ ಏನೂ ಮಾಡಬೇಡಿ. ಶಾಲೆಗೂ ಮನೆಗೂ ಓಡಾಡುವ ಮಗಳ ಸಂಪರ್ಕ ಪುಸ್ತಕದಲ್ಲಿ ಇಷ್ಟೇ ಬರೆದಿತ್ತು. ಕೆಳಗೆ ಫುಕುಮಾ ತೊಕಿಯೆ ಎಂಬ ಸಹಿ.

ಸೋಮವಾರದಿಂದ ಚಿಹಾರು ಆ ಒಂದು ಸಾಲನ್ನು ಅಕ್ಕಿ ತೊಳೆಯುವಾಗ, ಬಟ್ಟೆ ಮಡಚುವಾಗ, ಹಲ್ಲುಜ್ಜುವಾಗ ಮನಸ್ಸಿನಲ್ಲಿ ತಿರುವಿಹಾಕುತ್ತಲೇ ಇದ್ದಳು. ತರಗತಿಯ ಟೀಚರ್ ವಸಂತದಲ್ಲಿ ಎಲ್ಲರ ಮನೆಗೂ ಬರುತ್ತಾರೆ, ಅದು ಬೇರೆ. ನವೆಂಬರಿನಲ್ಲಿ, ಅದೂ ಶಾಲೆಯ ಆರೋಗ್ಯದ ಕೋಣೆ ನೋಡಿಕೊಳ್ಳುವ ಫುಕುಮಾ ಟೀಚರ್, ತಮ್ಮ ಮನೆಗೆ ಮಾತ್ರ ಯಾಕೆ ಬರಬೇಕು?

ತಪ್ಪು ತನ್ನದೇ ಇರಬೇಕು. ಎರಡನೇ ತರಗತಿಯ ಮಗಳು ವಾಕಾನಾಳ ಬಗ್ಗೆ ಆ ಪುಸ್ತಕದಲ್ಲಿ ಅವಳು ಏನೇನು ಬರೆದಿರಲಿಲ್ಲ? ಸೊಳ್ಳೆ ಕಚ್ಚಿದ ಜಾಗ ಎರಡು ದಿನವಾದರೂ ಕೆಂಪಗಿದೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಬೇಸಿಗೆಯಲ್ಲೂ ಕೈ ತಣ್ಣಗಿರುತ್ತದೆ. ಎಡ ಹೆಗಲು ತಗ್ಗಿದಂತೆ ಕಾಣುತ್ತದೆ, ಬೆನ್ನು ಸೊಟ್ಟ ಇರಬಹುದೇ? ಪ್ರತಿಯೊಂದಕ್ಕೂ ಮರುದಿನ ನೀಲಿ ಶಾಯಿಯಲ್ಲಿ ಉತ್ತರ ಬಂದಿತ್ತು. ‘ಗಾಬರಿಯಾಗಬೇಡಿ’ ಎಂದು ಒಂದು ಸಲವೂ ಬರೆದಿರಲಿಲ್ಲ. ಹೆಗಲಿನ ಪ್ರಶ್ನೆಗೆ ಹೀಗೆ ಬರೆದಿತ್ತು: ‘ನೋಡಿದೆ. ಬೆನ್ನು ನೇರವಾಗಿದೆ. ಚೀಲದ ಎಡಪಟ್ಟಿ ಒಂದು ತೂತಿನಷ್ಟು ಬಿಗಿಯಾಗಿತ್ತು, ಸಡಿಲಿಸಿದ್ದೇನೆ.’ ಮೂರು ಶಾಲೆಗಳ ಎಂಬತ್ತಮೂರು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು ಒಂದು ಚೀಲದ ಪಟ್ಟಿಯ ತೂತುಗಳನ್ನು ಎಣಿಸಿದ್ದರು! ಚಿಹಾರು ಅದನ್ನು ಓದಿ ಬಾಯಿ ತೆರೆದುಕೊಂಡು ನಿಂತಿದ್ದಳು.

“ನೀನು ಬರೆದದ್ದು ಓದೀ ಓದೀ ಸಾಕಾಗಿರ್ಬೇಕು. ಇನ್ನು ಬಿಟ್ಬಿಡು ತಾಯಿ ಅಂತ ಕೈ ಮುಗಿಯೋಕೆ ಬರ್ತಿದಾರೆ,” ಎಂದ ಗಂಡ ಶುಂಪೇ, ಗುರುವಾರ ಬೆಳಿಗ್ಗೆ ಬೂಟಿನ ಲೇಸು ಕಟ್ಟುತ್ತ. ಮರ ಕಡಿಯುವ ಕೆಲಸ ಅವನದು. ಗುಡ್ಡ ಹತ್ತಿದನೆಂದರೆ ಸಂಜೆಯವರೆಗೆ ಫೋನಿಗೂ ಸಿಗುವುದಿಲ್ಲ.

“ತಮಾಷೆ ಮಾಡ್ಬೇಡಿ.”

“ಬರೋದೇ ಬೇಡ ಅಂದ್ಬಿಡು,” ಎಂದರು ಒಳಗಿನಿಂದ ಅತ್ತೆ ಕಿನುಯೊ. “ಹಣ್ಣು ಸುಲಿಯೋ ಕಾಲ, ಮನೆತುಂಬ ಸಿಪ್ಪೆ. ಟೀಚರ್ ಕೂರೋಕೂ ಜಾಗ ಇಲ್ಲ.” ಬಂದವರಿಗೆಲ್ಲ ಮೂಲಂಗಿ ಉಪ್ಪಿನಕಾಯಿ ಬಡಿಸದೆ ಬಿಡದ ಅತ್ತೆ ಹೀಗೆಂದದ್ದು ಚಿಹಾರುವಿಗೆ ಆಶ್ಚರ್ಯವಾಯಿತು.

ಒಕುತಾನಿ ಊರಿನಲ್ಲಿ ಫುಕುಮಾ ಟೀಚರ್ ಎಂದರೆ ಮೊದಲು ಕಣ್ಣಿಗೆ ಬರುವುದು ಅವರ ಎತ್ತರ. ಇಲ್ಲಿನ ಯಾವ ಬಾಗಿಲೂ ಅವರನ್ನು ತಲೆ ಬಗ್ಗಿಸದೆ ಒಳಗೆ ಬಿಡುವುದಿಲ್ಲ. ಅವರ ಪುಟ್ಟ ಬಿಳಿ ಕಾರಿನ ಮುಂದಿನ ಸೀಟಿನಲ್ಲಿ ಎತ್ತರ ಅಳೆಯುವ ಮರದ ಕಂಬ ಬೆಲ್ಟು ಹಾಕಿಕೊಂಡು ಒರಗಿರುತ್ತದೆ. ಗುಡ್ಡದ ಮೇಲಿನ ಎರಡು ಶಾಲೆಗಳ ಕಂಬಗಳು ವಾಲಿವೆ, ನಂಬುವಂತಿಲ್ಲ ಎಂದು ಅವರು ತಮ್ಮದನ್ನೇ ಎಲ್ಲ ಕಡೆಗೂ ಹೊತ್ತು ತಿರುಗುತ್ತಾರೆ. ಟೀಚರಿಗೆ ಮದುವೆಯಾಗಿಲ್ಲ. “ನೋಡ್ರೋ, ಯಜಮಾನ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೊರಟ್ರು,” ಎಂದು ತೋಫು ಅಂಗಡಿಯ ಮುಂದೆ ಕೂರುವ ಮುದುಕರು ಛೇಡಿಸುತ್ತಿದ್ದರಂತೆ. ಒಂದು ದಿನ ಟೀಚರ್ ಕಾರು ನಿಲ್ಲಿಸಿ, ಗಾಜು ಇಳಿಸಿ, “ಹೌದಪ್ಪ, ಇವ್ರು ಒಂದು ಮಾತೂ ಎದುರಾಡಲ್ಲ. ನಿಮ್ಮನೇಲಿ ಹೆಂಗೆ?” ಎಂದರಂತೆ. ಮುದುಕರು ಆವತ್ತಿನಿಂದ ಕಾರು ಕಂಡರೆ ಟೋಪಿ ತೆಗೆಯುತ್ತಾರೆ.

ಹುಡುಗಿಯಾಗಿದ್ದಾಗ ಈ ಎತ್ತರ ಅವರನ್ನು ಅಳಿಸಿತ್ತು. ಆರನೇ ತರಗತಿಯಲ್ಲಿ ಅಳತೆ ಮಾಡಿದ ಮೇಷ್ಟ್ರು ಇಡೀ ಸಭಾಂಗಣಕ್ಕೆ ಕೇಳುವಂತೆ ಸಂಖ್ಯೆ ಕೂಗಿ, “ನನ್ನನ್ನೇ ಮೀರಿಸಿದ್ಯಲ್ಲೇ!” ಎಂದು ನಕ್ಕಿದ್ದರು. ಹುಡುಗಿ ಆ ವರ್ಷವೆಲ್ಲ ಮೊಣಕಾಲು ಬಗ್ಗಿಸಿಕೊಂಡು ನಡೆದಳು. ಮುಂದೆ ಅದೇ ಹುಡುಗಿ ಅಳೆಯುವ ಕೆಲಸಕ್ಕೆ ಬಂದಳು. ಬಂದು ಮೂವತ್ತೊಂದು ವರ್ಷವಾಯಿತು, ಈವರೆಗೆ ಯಾವ ಮಗುವಿನ ಅಳತೆಯನ್ನೂ ಅವರು ಗಟ್ಟಿಯಾಗಿ ಹೇಳಿದ್ದಿಲ್ಲ. ಅಂಗೈಯಲ್ಲಿ ಮಗುವಿನ ತಲೆಯ ಹಿಂಭಾಗ ಹಿಡಿದು, ಅಷ್ಟೆತ್ತರದಿಂದ ಬಗ್ಗಿ, ಕಿವಿಯಲ್ಲಿ ಸಂಖ್ಯೆ ಹೇಳುತ್ತಾರೆ. ಅದು ಆ ಮಗುವಿನ ಗುಟ್ಟು. ಮನೆಯವರಿಗೆ ಅದನ್ನು ಬರೆದ ಒಂದು ಚೀಟಿ ಹೋಗುತ್ತದೆ. ಸಹಿಯ ಬದಲು ಮನೆಯ ಹೆಸರಿನ ಮೊಹರು ಒತ್ತಿಸಿಕೊಂಡು ಅದು ಮರುದಿನ ಶಾಲೆಗೆ ವಾಪಸು ಬರುತ್ತದೆ.

ಅವರ ಬಗ್ಗೆ ಊರಿನವರು ಹೇಳುವುದು ಇಷ್ಟೇ ಅಲ್ಲ. ಹೆಂಡತಿ ಬಿಟ್ಟುಹೋದ ಲಾರಿ ಚಾಲಕನ ಕೈಗೆ ಮೂರು ಎಳೆ ಹಗ್ಗ ಕೊಟ್ಟು ಜಡೆ ಹೆಣೆಯುವುದನ್ನು ಕಲಿಸಿದವರು ಅವರು. ಈಗ ಶಾಲೆಯಲ್ಲೆಲ್ಲ ಅಚ್ಚುಕಟ್ಟಾದ ಜಡೆ ಅವನ ಮಗಳದೇ. ಯಾವುದೋ ಮನೆಯ ಮಗು ಕೊಳೆಯ ಅಂಗಿಯಲ್ಲಿ ಬಂದರೆ ಆರೋಗ್ಯದ ಕೋಣೆಯ ಮೆಷೀನಿನಲ್ಲಿ ಒಗೆದು, ಒಣಗಿಸಿ, ಆಮೇಲೆ ಕೈಯಲ್ಲಿ ಸ್ವಲ್ಪ ಮುದುರಿ ತೊಡಿಸುತ್ತಾರೆ. ಒಗೆದದ್ದು ಬೇರೆ ಮಕ್ಕಳಿಗೆ ಗೊತ್ತಾಗಬಾರದಲ್ಲ! ಈ ಮುದುರುವ ಸಂಗತಿಯನ್ನು ಕೇಳಿದ ದಿನ, ಓಸಾಕಾದಲ್ಲಿ ದೊಡ್ಡ ಓದು ಓದಿ ಬಂದಿದ್ದ ಚಿಹಾರುವಿಗೆ ತನಗೆ ಏನೂ ಗೊತ್ತಿಲ್ಲ ಎನ್ನಿಸಿಬಿಟ್ಟಿತ್ತು.

ಮೂರೂವರೆಗೆ ಸರಿಯಾಗಿ ಟೀಚರ್ ಬಾಗಿಲಲ್ಲಿ ತಲೆ ಬಗ್ಗಿಸಿದರು. ಜಗಲಿಯಲ್ಲಿ ಅತ್ತೆ ಕಿತ್ತಳೆ ಬಣ್ಣದ ಕಾಕಿ ಹಣ್ಣಿನ ರಾಶಿಯ ನಡುವೆ ಕೂತು, ಸಿಪ್ಪೆ ಸುಲಿದು, ಒಣಗಿಸಲು ದಾರಕ್ಕೆ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ. ಟೀಚರ್ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೇ ಕೂತರು.

“ಏನಾದ್ರೂ ತಪ್ಪು ಬರೆದಿದ್ರೆ…” ಎಂದು ಚಿಹಾರು ಶುರುಮಾಡಿದಳು.

“ಅಯ್ಯೋ, ತಪ್ಪೇನಿಲ್ಲ. ವಾಕಾನಾ, ಬಾ ಇಲ್ಲಿ. ನಿಮ್ಮನೇಲಿ ಎತ್ತರ ಎಲ್ಲಿ ಅಳೀತಾರೆ?”

“ಇಲ್ಲಿ!” ವಾಕಾನಾ ನಡುಮನೆಯ ಕಂಬಕ್ಕೆ ಓಡಿದಳು. ಮೇ ತಿಂಗಳ ಮಕ್ಕಳ ಹಬ್ಬದ ದಿನ ಪ್ರತಿ ವರ್ಷ ಅಜ್ಜಿ ಅಲ್ಲಿ ಗೀಟು ಎಳೆಯುತ್ತಾರೆ. ಶುಂಪೇಯ ಬಾಲ್ಯದ ಗೀಟುಗಳೂ ಅಲ್ಲೇ ಇವೆ. ವಾಕಾನಾ ಹಿಮ್ಮಡಿ, ಬೆನ್ನು, ತಲೆ ಮೂರನ್ನೂ ಕಂಬಕ್ಕೆ ಅಂಟಿಸಿ, ಶಾಲೆಯಲ್ಲಿ ಕಲಿಸಿದಂತೆ ಗದ್ದ ಒಳಗೆಳೆದುಕೊಂಡು ನಿಂತಳು.

ಈ ಮೇ ತಿಂಗಳ ಗೀಟು ಅವಳ ನೆತ್ತಿಯ ಮೇಲಿತ್ತು. ಮೂರು ಬೆರಳು ಮೇಲೆ.

“ನೆಟ್ಟಗೆ ನಿಲ್ಲು,” ಎಂದಳು ಚಿಹಾರು.

“ನೆಟ್ಟಗೇ ನಿಂತಿದೀನಿ ಅಮ್ಮ. ಅಜ್ಜಿ ನಾನು ಮುಂದೆ ಎಲ್ಲಿಗೆ ಬೆಳೀತೀನೋ ಅಲ್ಲಿಗೆ ಗೀಟು ಹಾಕ್ತಾಳೆ. ಆಮೇಲೆ ನಾನು ಅಲ್ಲಿಗೆ ಹೋಗ್ಬೇಕು.”

ಟೀಚರ್ ಹುಡುಗಿಯ ತಲೆ ಸವರಿ, “ನನ್ನ ಕಾರಿನ ಹಿಂದಿನ ಗಾಜು ಧೂಳು ಹಿಡಿದಿದೆ. ಅದರ ಮೇಲೆ ಬೆರಳಲ್ಲಿ ನನ್ನ ಚಿತ್ರ ಬರಿ ಹೋಗು. ಮೂಗು ಇರೋದಕ್ಕಿಂತ ದೊಡ್ಡದು ಮಾಡ್ಬೇಡ,” ಎಂದು ಹೊರಗೆ ಕಳಿಸಿದರು. ಆಮೇಲೆ ಚೀಲದಿಂದ ಅಳತೆಯ ನಾಲ್ಕು ಚೀಟಿ ತೆಗೆದು ಚಿಹಾರುವಿನ ಮುಂದೆ ಸಾಲಾಗಿ ಇಟ್ಟರು. ಹದಿನೇಳು ತಿಂಗಳ ನಾಲ್ಕು ಅಳತೆ. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ. ಕೊನೆಯ ಎರಡರಲ್ಲಿ, ದಯವಿಟ್ಟು ಬಂದು ಮಾತಾಡಿ ಎಂದು ನೀಲಿ ಶಾಯಿ. ನಾಲ್ಕರಲ್ಲೂ ಮನೆಯ ಕೆಂಪು ಮೊಹರು. ಚಿಹಾರು ಒಂದನ್ನೂ ನೋಡಿರಲಿಲ್ಲ.

ಈ ವರ್ಷ ಮಗಳಿಗೆ ಹೊಸ ಷೂ ತೆಗೆಯಲೇ ಇಲ್ಲವೆಂದು ಅವಳಿಗೆ ಆಗ ಹೊಳೆಯಿತು. ಎಷ್ಟು ಜೋಪಾನ ನನ್ನ ಮಗಳು ಎಂದು ಹೊಗಳಿದ್ದಳು.

ಅತ್ತೆ ಚಾಕು ಕೆಳಗಿಟ್ಟರು. “ನಾನೇ ಒತ್ತಿದ್ದು. ಮೊಹರು ನನ್ನ ಡ್ರಾಯರ್‌ನಲ್ಲೇ ಇರೋದಲ್ವ, ಮಗು ಚೀಟಿ ನಂಗೇ ತಂದ್ಕೊಡ್ತಿತ್ತು.”

“ಯಾಕತ್ತೆ?”

“ಯಾಕೆ ಅಂದ್ರೆ? ಮಗು ಎರಡು ಸಲ ಸೀನಿದ್ರೆ ರಾತ್ರಿಯೆಲ್ಲ ಎದ್ದು ಕೂರ್ತೀಯಲ್ಲೇ! ಇದನ್ನ ಕೊಟ್ರೆ ನೀನು ಬದುಕ್ತೀಯ? ಮುಂದಿನ ಅಳತೆಗೆ ಬೆಳೆದಿರ್ತಾಳೆ, ಆಗ ತೋರ್ಸೋಣ ಅಂದ್ಕೊಂಡೆ. ಆ ಮುಂದಿನ್ದೂ ಹಂಗೇ ಆಯ್ತು.” ಅವರು ಟೀಚರ್ ಕಡೆ ತಿರುಗಿದರು. “ನಮ್ಮ ಶುಂಪೇನೂ ಗಿಡ್ಡಕ್ಕೇ ಇದ್ದ ಟೀಚರ್. ಆಮೇಲೆ ದಿಢೀರ್ ಅಂತ ಬೆಳೆದ.”

“ಇದ್ದ. ಲೈನಲ್ಲಿ ಯಾವಾಗ್ಲೂ ಮುಂದೆ ಅವ್ನೇ,” ಎಂದರು ಟೀಚರ್. “ಒಂದನೇ ಕ್ಲಾಸಲ್ಲಿ ನೂರಾ ಹತ್ತು, ಎರಡನೇದ್ರಲ್ಲಿ ನೂರಾ ಹದಿನೈದು, ಮೂರನೇದ್ರಲ್ಲಿ ನೂರಾ ಇಪ್ಪತ್ತು. ಒಂದು ವರ್ಷಾನೂ ಬಿಟ್ಟಿಲ್ಲ. ಗಿಡ್ಡ ಇರೋದು ಬೇರೆ ಕಿನುಯೊ ಅಮ್ಮ, ನಿಂತುಹೋಗೋದು ಬೇರೆ.”

ಇಪ್ಪತ್ತೇಳು ವರ್ಷದ ಹಿಂದಿನ ಹುಡುಗನೊಬ್ಬನ ಅಳತೆ! ಕಾಗದ ನೋಡದೆ, ಯೋಚಿಸಲೂ ನಿಲ್ಲದೆ ಹೇಳಿದ್ದರು. ಚಿಹಾರು ಅವರ ಮುಖವನ್ನೇ ನೋಡಿದಳು. ಈ ತಲೆಯೊಳಗೆ ಇಂಥ ಎಷ್ಟು ಮಕ್ಕಳು ಸಾಲಾಗಿ ನಿಂತಿದ್ದಾರೋ. ಗುಡ್ಡದ ಮನೆಮನೆಯ ಮಕ್ಕಳು, ಅವರ ಅಪ್ಪಂದಿರು, ಎಲ್ಲರೂ ತಮ್ಮ ತಮ್ಮ ಗುಟ್ಟಿನ ಸಂಖ್ಯೆಯೊಂದಿಗೆ.

“ನಾನು ನೋಡಿಲ್ಲ ಅಂತ ನಿಮಗೆ ಹೆಂಗೆ ಗೊತ್ತಾಯ್ತು?”

“ಸೊಳ್ಳೆ ಕಡಿತಕ್ಕೆ ಅರ್ಧ ಪುಟ ಬರೆಯೋ ತಾಯಿ ಇದಕ್ಕೆ ಬರೀ ಮೊಹರು ಒತ್ತಿ ಕಳಿಸ್ತಾಳಾ? ನೀವು ಬರೆದದ್ದು ಇಲ್ದೇ ಇದ್ರೆ ನಂಗೂ ಹೊಳೀತಿರ್ಲಿಲ್ಲ. ನಾನು ಏಪ್ರಿಲ್‌ನಲ್ಲೇ ಬರ್ಬೇಕಿತ್ತು. ಅದು ನನ್ನ ತಪ್ಪು.” ಟೀಚರ್ ಇನ್ನೊಂದು ಹಾಳೆ ಕೊಟ್ಟರು. ಚಿಹಾರು ಪುಸ್ತಕದಲ್ಲಿ ಬರೆದ ನಲವತ್ತಾರು ಟಿಪ್ಪಣಿಗಳೂ ತಾರೀಖಿನ ಪ್ರಕಾರ ನೀಲಿ ಶಾಯಿಯಲ್ಲಿ ನಕಲಾಗಿದ್ದವು. ಮೂರರ ಕೆಳಗೆ ಗೆರೆ ಇತ್ತು: ಬೇಸಿಗೆಯಲ್ಲೂ ಕೈ ತಣ್ಣಗೆ, ಆಟ ಬಿಟ್ಟು ಬಂದು ಬೇಗ ಮಲಗುತ್ತಾಳೆ, ಮಲ ಕಟ್ಟುತ್ತದೆ. “ಡಾಕ್ಟ್ರಿಗೆ ಈ ಮೂರು ಬೇಕಾಗುತ್ತೆ. ಬೇರೆ ಯಾವ ಮಗುವಿಗೂ ನನ್ನ ಹತ್ರ ಇಷ್ಟು ವಿವರ ಇಲ್ಲ.”

“ಏನು ಕಾಯಿಲೆ ಟೀಚರ್? ಹೇಳ್ಬಿಡಿ.”

“ನಂಗೆ ಗೊತ್ತಿಲ್ಲ. ಔಷಧಿ ಇರೋದೇ ಇರ್ಬಹುದು, ಬೇರೆ ಏನೋ ಇರ್ಬಹುದು. ನಾನು ಅಳೆಯೋಳು ಅಷ್ಟೆ. ಬೆಳೆಯೋ ವಯಸ್ಸು ಇನ್ನೂ ಇದೆ, ಅದಕ್ಕೇ ಈಗ್ಲೇ ನೋಡ್ಬೇಕು. ಶಾಲೆ ಡಾಕ್ಟ್ರ ಪತ್ರ ಇಲ್ಲಿದೆ. ದೊಡ್ಡಾಸ್ಪತ್ರೆ ಮಕ್ಕಳ ವಿಭಾಗದ ನಂಬರ್ ಇಲ್ಲಿದೆ. ಐದು ಗಂಟೆವರೆಗೆ ಫೋನ್ ಎತ್ತುತ್ತಾರೆ.”

“ನೀವೇ ಮಾಡ್ಬಿಡಿ. ನಂಗೆ ಮಾತೇ ಹೊರಡಲ್ಲ.”

“ಮಾಡ್ತೀನಿ, ನೀವು ಹೇಳಿದ್ರೆ. ಆದ್ರೆ ಅವ್ರು ಕೇಳೋದಕ್ಕೆಲ್ಲ ನಾನು ನಿಮ್ಮ ಕಡೆ ತಿರುಗಿ ಕೇಳ್ಬೇಕಾಗುತ್ತೆ.” ಟೀಚರ್ ಎದ್ದರು. ಮೇಲಿನ ಶಾಲೆಯಲ್ಲಿ ಜ್ವರ ಬಂದ ಮಗುವೊಂದು ಅಜ್ಜ ಬರುವುದನ್ನು ಕಾಯುತ್ತಿತ್ತು. “ಆರು ಗಂಟೆಗೆ ಇಲ್ಲಿನ ಶಾಲೆಗೆ ವಾಪಸು ಬಂದಿರ್ತೀನಿ. ಆಗ್ಲಿಲ್ಲ ಅಂದ್ರೆ ಬನ್ನಿ, ನಾಳೆ ನಾನೇ ಮಾಡ್ತೀನಿ.”

ಕಾರು ಹೋದ ಮೇಲೆ ಚಿಹಾರು ಕಂಬದ ಬುಡದಲ್ಲೇ ಕೂತುಬಿಟ್ಟಳು. ಅತ್ತೆಯ ಮೇಲೆ ಕೋಪ ಬರಲಿ ಎಂದು ಕಾದಳು, ಬರಲಿಲ್ಲ. ತನ್ನ ಗಾಬರಿಗೆ ಹೆದರಿ ಈ ಮುದುಕಿ ವರ್ಷಕ್ಕೂ ಮೇಲೆ ಒಬ್ಬರೇ ಇದನ್ನು ಎದೆಯಲ್ಲಿ ಹೊತ್ತುಕೊಂಡು ತಿರುಗಿದ್ದರು. ನಲವತ್ತಾರು ಸಲ ಬೊಬ್ಬೆ ಹಾಕಿದ ತಾನು, ನಿಜವಾದದ್ದು ಬಂದಾಗ ಫೋನಿನ ಕಡೆ ಕೈ ಚಾಚಲಾರದೆ ಕೂತಿದ್ದಳು. ಕೇಳಿದರೆ ಅದಕ್ಕೊಂದು ಹೆಸರು ಬರುತ್ತದೆ. ಕೇಳದಿದ್ದರೆ? ಗಂಟೆ ನಾಲ್ಕೂ ಮುಕ್ಕಾಲು.

“ಬೈದ್ಬಿಡೇ,” ಎಂದರು ಅತ್ತೆ. “ಸುಮ್ನೆ ಕೂರ್ಬೇಡ, ಭಯ ಆಗುತ್ತೆ.”

“ಬೈಯೋದು ಆಮೇಲೆ. ಆ ಕ್ಯಾಲೆಂಡರ್ ತೆಕ್ಕೊಡಿ. ಪಕ್ಕದಲ್ಲೇ ಕೂತ್ಕೊಳ್ಳಿ.”

ಅತ್ತೆ ಅಂಟಿನ ಕೈಯಲ್ಲೇ ಕ್ಯಾಲೆಂಡರ್ ಬಿಚ್ಚಿ ತಂದು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಚಿಹಾರು ಸಂಖ್ಯೆ ಒತ್ತಿದಳು. ನಾಲ್ಕು ಸಲ ರಿಂಗಾಯಿತು. “ಮಕ್ಕಳ ವಿಭಾಗ, ಹೇಳಿ,” ಎಂದಿತು ಒಂದು ದನಿ.

ಚಿಹಾರು ಉಸಿರೆಳೆದುಕೊಂಡಳು. “ನನ್ನ ಮಗಳಿಗೋಸ್ಕರ ಮಾಡ್ತಿದೀನಿ. ಹೆಸರು ವಾಕಾನಾ, ಏಳು ವರ್ಷ ಒಂಬತ್ತು ತಿಂಗಳು. ಹದಿನೇಳು ತಿಂಗಳಲ್ಲಿ ಒಂದೂವರೆ ಸೆಂಟಿಮೀಟರ್ ಬೆಳೆದಿದಾಳೆ. ಎಲ್ಲಕ್ಕಿಂತ ಬೇಗ ಯಾವತ್ತು ಕರ್ಕೊಂಡು ಬರ್ಬಹುದು, ಹೇಳಿ.”