ಕೆಳಗಿನ ಎರಡು ಬಡಿತ

ಕಂಪ್ಯೂಟರ್ ಮೇಡಂ ಮೊದಲ ಸಲ ಸಾಬೂನು ಕಾಯಿಸುವ ಮನೆಗೆ ಬಂದದ್ದು ಒಂದು ಸೋಮವಾರ, ಬೆಳಗಿನ ಮೊದಲ ಕೊಪ್ಪರಿಗೆ ಖಾಲಿಯಾದ ಹೊತ್ತಿಗೆ. ಮೂವತ್ತೆರಡು ಕಬ್ಬಿಣದ ಮೆಟ್ಟಿಲು ಹತ್ತಿ ಬಂದಿದ್ದಳು. ಒಂದು ಕೈಯಲ್ಲಿ ನೋಟ್‌ಬುಕ್, ಇನ್ನೊಂದರಲ್ಲಿ ಹಳದಿ ಚೀಟಿಗಳ ಕಟ್ಟು, ಕಿವಿಯ ಹಿಂದೆ ಪೆನ್ಸಿಲು. ಬಂದ ಕೂಡಲೇ ಹಬೆಗೆ ಕನ್ನಡಕ ಮಸುಕಾಯಿತು. ಒರೆಸಿಕೊಂಡು ಸುತ್ತ ನೋಡಿದಳು. ಅಲ್ಲಿ ಕೆಲಸದವನು ಕೂರುವ ಒಂದೇ ಒಂದು ಸ್ಟೂಲನ್ನು ಮುಟ್ಟದೆ, ಖಾಲಿ ಎಣ್ಣೆ ಡಬ್ಬವೊಂದನ್ನು ಮಗುಚಿ ಅದರ ಮೇಲೆ ಕೂತಳು. ಅಷ್ಟಕ್ಕೇ ಮೇಲಿನವನಿಗೆ ಆಕೆಯ ಮೇಲೆ ಗೌರವ ಬಂತು.

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ಹಾಗೆ, ಮೇಲಿನವ ಎಂದು. ಇಪ್ಪತ್ತಾರು ವರ್ಷದಿಂದ ಕೊಪ್ಪರಿಗೆಯ ಬಾಯಿಯ ಬಳಿ ನಿಂತು ಎಣ್ಣೆ, ಕಾಸ್ಟಿಕ್ ನೀರು, ಹಬೆ ಬಿಡುವ ಕೆಲಸ ಅವನದು. ಕೊಪ್ಪರಿಗೆಯ ತಳದಲ್ಲಿ, ಕಾದ ಸಾಬೂನು ಇಳಿಯುವ ವಾಲ್ವಿನ ಪಕ್ಕ ಇರುತ್ತಿದ್ದವನು ಕೆಳಗಿನವ. ಅವನು ಮೇಲಿನವನ ಹೆಂಡತಿಯ ಅಣ್ಣ. ಆಕೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ನನ್ನವರು ಎಂದು ಹೇಳಿಕೊಳ್ಳಲು ಈ ಭಾವ ಒಬ್ಬ ಉಳಿದಿದ್ದ.

ಯಂತ್ರಗಳ ಸದ್ದಿನಲ್ಲಿ ಎಷ್ಟು ಕೂಗಿದರೂ ಕೆಳಗೆ ಕೇಳಿಸದು. ಅದಕ್ಕೇ ಮೇಲಿನವ ಕೊಪ್ಪರಿಗೆಗೆ ಸ್ವಲ್ಪವೇ ಎಣ್ಣೆ ಬಿಟ್ಟು, ಸ್ಪ್ಯಾನರಿನಿಂದ ಪೈಪಿಗೆ ಮೂರು ಸಲ ಬಡಿಯುತ್ತಿದ್ದ. ಕೆಳಗಿನಿಂದ ಎರಡು ಬಡಿತ ಬಂದ ಮೇಲೆಯೇ ಉಳಿದ ಎಣ್ಣೆ.

“ನೀವು ಮಾಡೋ ಒಂದೊಂದು ಕೆಲಸಕ್ಕೂ ಒಂದೊಂದು ಚೀಟಿ ಅಣ್ಣಾ” ಎಂದಳು ಮೇಡಂ. “ಯಾವುದು ಆದ್ಮೇಲೆ ಯಾವುದು ಅಂತ ಗೆರೆ ಎಳೀತೀನಿ. ಇದೇ ಚಿತ್ರ ಕಂಪ್ಯೂಟರಿಗೆ ಹೋಗುತ್ತೆ. ಒಂದು ಚೌಕದ ಕೆಲಸ ಮುಗಿದ್ರೆ ಅದೇ ಮುಂದಿನ ಚೌಕ ಶುರು ಮಾಡುತ್ತೆ. ವಾಲ್ವು ತಿರುಗಿಸೋದೂ ಅದೇ.”

“ಹಂಗಾದ್ರೆ ನಾನೇನ್ ಮಾಡ್ಲಿ, ನೊಣ ಹೊಡೀಲಾ?”

“ನೋಡ್ಕೊಳ್ಳೋಕೆ ಒಬ್ಬರು ಬೇಕೇ ಬೇಕು.”

ಮೂರು ದಿನದಲ್ಲಿ ಗೋಡೆಯ ತುಂಬ ಚೀಟಿ ಅಂಟಿದವು, ಒಟ್ಟು ನಲವತ್ತೊಂದು. ನೀನು ಏನು ಕೆಲಸ ಮಾಡುತ್ತೀಯ ಎಂದು ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ. ತನ್ನ ಕೆಲಸ ಗೋಡೆಯಷ್ಟು ದೊಡ್ಡದೆಂದು ಅವನಿಗೂ ಗೊತ್ತಿರಲಿಲ್ಲ. ಆ ಉಬ್ಬಿನಲ್ಲಿ ಅವನ ನಾಲಿಗೆ ಸಡಿಲವಾಗಿತ್ತು.

“ಈ ಎರಡು ಬಡಿತ ಯಾಕೆ? ಕೆಳಗೆ ಅವರು ಏನ್ ಮಾಡ್ತಾರೆ?” ಮೇಡಂ ಕೇಳಿದಳು. ಅಷ್ಟರಲ್ಲಿ ಭಾವ ಟೀ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ.

“ನಮ್ ಭಾವನಾ? ಚೆನ್ನಾಗಿ ನಿದ್ದೆ ಮಾಡ್ತಾನೆ ಮೇಡಂ. ನಾನು ಬಡಿದಾಗ ಎದ್ದು, ಇನ್ನೂ ಜೀವ ಇದೆ ಅಂತ ಎರಡು ಬಡೀತಾನೆ.”

“ಈ ಮುಖ ನೋಡಬಾರದು ಅಂತ್ಲೇ ಮೇಡಂ ನಾನು ಕೆಳಗಿರೋದು” ಎಂದ ಭಾವ.

ಇಬ್ಬರೂ ನಕ್ಕರು. ಮೇಡಂ ಕೂಡ ನಕ್ಕಳು. ಆಮೇಲೆ, “ವಾಲ್ವು ಮುಚ್ಚಿದೆ ಅಂತ ತಿಳಿಸೋಕೆ ಒಂದು ಸೆನ್ಸರ್ ಹಾಕಿದ್ರೆ ಸಾಕಲ್ವಾ?” ಎಂದಳು.

“ಹಾಕಿ, ಹಾಕಿ. ಅದಾದ್ರೂ ಗೊರಕೆ ಹೊಡೆಯಲ್ಲ.”

ಆಕೆ ಎರಡು ಬಡಿತದ ಚೀಟಿಯನ್ನು ಕಿತ್ತಳು. ಗೋಡೆಯ ಮೇಲೆ ನಲವತ್ತು ಉಳಿದವು.

ಎರಡು ತಿಂಗಳಿಗೆ ಚಿತ್ರ ಕಂಪ್ಯೂಟರಿನಲ್ಲಿ ಓಡತೊಡಗಿತು. ಅದೇ ವಾರ ಕೆಳಗಿನ ಕೆಲಸಕ್ಕೆ ಇನ್ನು ಆಳು ಬೇಡವೆಂಬ ಕಾಗದ ಭಾವನ ಕೈಗೆ ಬಂತು. ಕಡೆಯ ದಿನ ಅವನು ತನ್ನ ಸ್ಪ್ಯಾನರನ್ನು ಮೇಲೆ ತಂದುಕೊಟ್ಟ.

“ಗೊರಕೆ ಹೊಡೆಯದವನು ಬಂದಿದ್ದಾನಂತಲ್ಲ. ಚೆನ್ನಾಗಿ ನೋಡ್ಕೋ.”

ಭಾವ ಬೇರೆ ಊರಿನಲ್ಲಿದ್ದ ಮಗಳ ಮನೆಗೆ ಹೊರಟುಹೋದ.

ಕಂಪ್ಯೂಟರಿಗೆಂದು ಕೊಪ್ಪರಿಗೆಯ ಪಕ್ಕ ಕಟ್ಟಿದ ಗಾಜಿನ ಕೋಣೆಯಲ್ಲಿ ಮೇಲಿನವ ಒಬ್ಬನೇ ಕೂತ. ಪರದೆಯ ಮೇಲೆ ಬೂದು ಚೌಕ ಹಸಿರಾಗುವುದು, ಹಸಿರು ಮತ್ತೆ ಬೂದಾಗುವುದು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಇದರಲ್ಲಿ ಉಪ್ಪಿಲ್ಲ ಎಂದು ಹಂಗಿಸುವವರಿಲ್ಲ. ಭಾನುವಾರ ಫೋನ್ ಮಾಡಿದರೆ ಭಾವನ ಮಗಳು, “ಅಪ್ಪ ಮಲಗಿದ್ದಾರೆ ಮಾವ” ಎನ್ನುತ್ತಿದ್ದಳು. ಪ್ರತಿ ಸಲವೂ ಅದೇ ಉತ್ತರ.

ಐದನೆಯ ತಿಂಗಳು ಒಂದು ಬೆಳಗ್ಗೆ ತಳದ ವಾಲ್ವಿನ ಚೌಕ ಹಸಿರಾಗಿಯೇ ಇತ್ತು, ಅಂದರೆ ವಾಲ್ವು ಮುಚ್ಚಿದೆ ಎಂದು. ಎಣ್ಣೆ ಬೀಳುತ್ತಿತ್ತು, ಆದರೆ ಕೊಪ್ಪರಿಗೆಯಲ್ಲಿ ಮಟ್ಟ ಏರಲಿಲ್ಲ. ಅವನು ಓಡಿ ಇಳಿಯುವಷ್ಟರಲ್ಲಿ ಕೆಳಗಿನ ನೆಲವೆಲ್ಲ ಎಣ್ಣೆ. ವಾಲ್ವಿನ ಬಾಯಲ್ಲಿ ಹಳೆಯ ಸಾಬೂನಿನ ಗಟ್ಟಿ ಸಿಕ್ಕಿಕೊಂಡಿತ್ತು. ಹಿಡಿ ತಿರುಗಿದ್ದು ಸೆನ್ಸರಿಗೆ ಗೊತ್ತು. ಸಂದಿ ಉಳಿದದ್ದು ಗೊತ್ತಿಲ್ಲ.

ಮರುದಿನ ಮೇಡಂ ಬಂದಳು. “ಇಷ್ಟು ವರ್ಷ ಹೀಗೆ ಯಾಕಾಗ್ಲಿಲ್ಲ ಅಣ್ಣಾ?”

ಯಂತ್ರದ ತಪ್ಪು ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು.

“ಭಾವ ನಿದ್ದೆ ಮಾಡ್ತಿರಲಿಲ್ಲ ಮೇಡಂ” ಎಂದ. “ನಾನು ಬಡಿದಾಗ ವಾಲ್ವಿನ ಬಾಯಿಗೆ ಅಂಗೈ ಹಿಡೀತಿದ್ದ. ಒಂದು ಹನಿ ಬಿದ್ರೂ ಗಟ್ಟಿ ತೆಗೆದು, ಮತ್ತೆ ಮುಚ್ಚಿ, ಆಮೇಲೇ ಎರಡು ಬಡೀತಿದ್ದ. ನಾನವತ್ತು ಹೇಳಿದ್ದು ತಮಾಷೆಗೆ. ಆ ಚೌಕ ಮತ್ತೆ ಹಾಕಿ. ಅವನನ್ನ ಕರೆಸಿ.”

ಆಕೆ ಚೌಕ ಬರೆದುಕೊಂಡು ಮ್ಯಾನೇಜರ ಹತ್ತಿರ ಹೋದಳು. ಅರ್ಧ ಗಂಟೆಗೆ ವಾಪಸು ಬಂದವಳು ಕೂರಲಿಲ್ಲ.

“ಚೌಕಕ್ಕೆ ಒಪ್ಪಿದ್ರು. ಆಳಿಗೆ ಒಪ್ಪಲಿಲ್ಲ. ಮೇಲೆ ಒಬ್ಬ ಸುಮ್ನೆ ಕೂತಿರ್ತಾನಲ್ಲ, ಅವನೇ ಇಳಿದು ನೋಡ್ಲಿ ಅಂದ್ರು.” ಆಮೇಲೆ ಹೇಳಿದಳು, “ಅವತ್ತು ನಾನು ಕೆಳಗೆ ಇಳಿದು ನೋಡ್ಬೇಕಿತ್ತು.”

“ನಾನು ಬಾಯಿ ಮುಚ್ಕೊಂಡಿರಬೇಕಿತ್ತು.”

ಆ ಭಾನುವಾರ ಫೋನ್ ಎತ್ತಿದ್ದು ಭಾವನೇ.

“ಕೆಳಗೆಲ್ಲ ಎಣ್ಣೆ ಚೆಲ್ಲಿಹೋಯ್ತು. ಮೇಡಂಗೆ ನಿಜ ಹೇಳ್ದೆ ಭಾವ.”

“ಅದನ್ನ ಹೇಳೋಕೆ ಅಷ್ಟು ಎಣ್ಣೆ ಚೆಲ್ಲಬೇಕಾಯ್ತಾ?” ಎಂದ ಭಾವ. ಮೊಮ್ಮಗಳು ಕರೆಯುತ್ತಿದ್ದಾಳೆ ಎಂದು ಫೋನ್ ಇಟ್ಟ.

ಮೇಲಿನವ ಈಗಲೂ ಅದೇ ಕಾರ್ಖಾನೆಯಲ್ಲಿದ್ದಾನೆ. ದಿನಕ್ಕೆ ಮೂರು ಸಲ, ಮೇಡಂ ಮತ್ತೆ ಹಾಕಿದ ನಾಲ್ಕನೆಯ ಚೌಕ ಹಳದಿಯಾದಾಗ, ಮೂವತ್ತೆರಡು ಮೆಟ್ಟಿಲು ಇಳಿಯುತ್ತಾನೆ, ವಾಲ್ವಿನ ಬಾಯಿಗೆ ಅಂಗೈ ಹಿಡಿಯುತ್ತಾನೆ, ಹನಿ ಬೀಳದಿದ್ದರೆ ಗೋಡೆಯ ಮೇಲಿನ ಗುಂಡಿ ಒತ್ತಿ ಮತ್ತೆ ಹತ್ತುತ್ತಾನೆ.