ಎರಡನೆಯವರಿಗೆ ತೆರೆಯದ ಬೀಗ

ಲಸಿಕೆ ದಾಸ್ತಾನು ಕೇಂದ್ರದಲ್ಲಿ ಅವಳನ್ನು ಎಲ್ಲರೂ ಪಾಸ್‌ವರ್ಡಮ್ಮ ಎನ್ನುತ್ತಿದ್ದರು. ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂದು ಕಟ್ಟುನಿಟ್ಟು ಮಾಡುವುದು ಅವಳ ಚಾಳಿ. ಮನೆಯ ಸಕ್ಕರೆ ಡಬ್ಬಿಗೂ ಪಾಸ್‌ವರ್ಡ್ ಇಟ್ಟಿದ್ದಾಳೆ ಎಂದು ಗಂಡ ನಾಲ್ಕು ಜನರ ಮುಂದೆ ಕಾಲೆಳೆಯುತ್ತಿದ್ದ. ಅವನು ಅಲ್ಲೇ ಶೀತಲ ಕೋಣೆಗಳ ಮೆಕ್ಯಾನಿಕ್.

ಆ ಮಧ್ಯಾಹ್ನ ಅವನು ಫ್ಯಾನ್ ರಿಪೇರಿಗೆಂದು ದೊಡ್ಡ ಕೋಣೆಯೊಳಗೆ ಹೋದದ್ದೇ ತಡ, ಬಾಗಿಲು ಮುಚ್ಚಿಕೊಂಡಿತು. ಒಳಗಿನ ಹಿಡಿ ಮುರಿದು ಅವನ ಕೈಗೇ ಬಂತು. ಹೊರಗಿನ ಬೀಗಕ್ಕೆ ಹೊಸ ಪ್ರೋಗ್ರಾಂ ಬಂದದ್ದು ಆಗಷ್ಟೇ, ಅವನಿಗೆಂದು ಬಾಗಿಲು ತೆರೆದಿದ್ದಾಗ. ಸ್ಟೋರ್ ಗುಂಪಿನ ಇಬ್ಬರು ಒಬ್ಬರ ಹಿಂದೊಬ್ಬರು ಪಾಸ್‌ವರ್ಡ್ ಕೊಟ್ಟರಷ್ಟೇ ಅದು ತೆರೆಯುತ್ತಿತ್ತು. ಮೂರು ಸಲ ತಪ್ಪಿದರೆ ಒಂದು ಗಂಟೆ ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ. ಹಾಗೆ ಬಿಗಿ ಮಾಡಿದವಳು ಇವಳೇ, ತನಗೂ ಬೇರೆ ದಾರಿ ಇಟ್ಟುಕೊಂಡಿರಲಿಲ್ಲ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಆ ಚಳಿಯಲ್ಲಿ ಬರೀ ಅಂಗಿ ತೊಟ್ಟವನು ಒಂದು ಗಂಟೆ ಉಳಿಯುವುದು ಅನುಮಾನವಾಗಿತ್ತು.

ಅವನು ಒಳಗಿಂದ ಬಾಗಿಲು ಬಡಿಯುವುದು ಕೇಳಿ ಅವಳು ಸ್ಟೋರ್ ಗುಂಪಿನ ಇಬ್ಬರನ್ನು ಕರೆತಂದಳು. ಫಾರ್ಮಸಿಸ್ಟ್ ಹುಡುಗಿ ಮೊದಲು ಟೈಪ್ ಮಾಡಿದಳು. ಪರದೆ ಒಪ್ಪಿತು. ಆಮೇಲೆ, ಎಲ್ಲರೂ ಮಾಮ ಎಂದು ಕರೆಯುವ ಹಿರಿಯ ಸ್ಟೋರ್‌ಕೀಪರ್. ‘ಗುಂಪು ಸಿಗಲಿಲ್ಲ’ ಎಂದು ಬಂತು.

“ಏನ್ ಮಾಮ, ನೆಟ್ಟಗೆ ಟೈಪ್ ಮಾಡೋಕೂ ಬರಲ್ವಾ?” ಎಂದು ಪಾಸ್‌ವರ್ಡಮ್ಮ ಸಿಡುಕಿದಳು.

“ಸರಿಯಾಗೇ ಹೊಡ್ದೆ ಕಣಮ್ಮ.”

“ಹಾಗಾದ್ರೆ ನೀವೇ ಮೊದಲು ಹೊಡೀರಿ.”

ಈ ಸಲ ಮಾಮ ಸಲೀಸಾಗಿ ದಾಟಿದರು, ಸಿಕ್ಕಿಬಿದ್ದವಳು ಫಾರ್ಮಸಿಸ್ಟ್. ಒಳಗಿಂದ ಬಾಗಿಲು ಬಡಿಯುವ ಸದ್ದು ಮೆತ್ತಗಾಗಿತ್ತು. ಉಳಿದದ್ದು ಒಂದೇ ಅವಕಾಶ.

ಯಾರೇ ಆಗಲಿ, ಎರಡನೆಯವರು ಬೀಳುತ್ತಿದ್ದಾರೆ. ಅಂದರೆ ತಪ್ಪು ಮನುಷ್ಯರದ್ದಲ್ಲ. ಪಾಸ್‌ವರ್ಡಮ್ಮ ತನ್ನ ಪ್ರೋಗ್ರಾಂ ತೆರೆದಳು. ಯುನಿಕ್ಸ್ ಯಂತ್ರ ಗುಂಪುಗಳನ್ನೆಲ್ಲ ಒಂದು ಕಡತದಲ್ಲಿ ಸಾಲಾಗಿ ಇಟ್ಟಿರುತ್ತದೆ. ಸಿ ಭಾಷೆಯ getgrent ಅದನ್ನು ಓದುವ ಫಂಕ್ಷನ್. ಕರೆದಾಗಲೆಲ್ಲ ಮುಂದಿನ ಒಂದು ಗುಂಪನ್ನು ಕೊಡುತ್ತದೆ. ಅವಳ ಪ್ರೋಗ್ರಾಂ ಪ್ರತಿ ಪ್ರಯತ್ನಕ್ಕೂ ಹೊಸದಾಗಿ ಶುರುವಾಗಿ, ಮೊದಲನೆಯವರಿಗಾಗಿ ಹುಡುಕುತ್ತ ಸ್ಟೋರ್ ಗುಂಪು ಸಿಕ್ಕಿದೊಡನೆ ನಿಲ್ಲುತ್ತಿತ್ತು. ಎರಡನೆಯವರಿಗೆ ಹುಡುಕಾಟ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ದಾಟಿ ಬಂದ ಸಾಲು ಮುಂದೆ ಎಲ್ಲಿ ಸಿಗಬೇಕು? ಮೊದಲಿನಿಂದ ಓದು ಎಂದು ಹೇಳುವ setgrent ಅನ್ನು ಅವಳು ಬರೆದೇ ಇರಲಿಲ್ಲ. ಪರೀಕ್ಷಿಸುವಾಗ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೂರಿಸಿ ನೋಡಿ, ಎಲ್ಲ ಸರಿಯಿದೆ ಎಂದು ಬೀಗಿದ್ದಳು.

“ತಪ್ಪು ನಿಮ್ದಲ್ಲ ಮಾಮ, ನಂದು,” ಎನ್ನುತ್ತ ಆ ಒಂದು ಸಾಲು ಸೇರಿಸಿದಳು. ಯಂತ್ರ ತಕರಾರಿಲ್ಲದೆ ಅದನ್ನು ಕಂಪೈಲ್ ಮಾಡಿಕೊಂಡಿತು.

“ಒಂದ್ಸಲ ಬೇರೆ ಬೀಗಕ್ಕೆ ಹಾಕಿ ನೋಡೋಣ್ವಾ?” ಎಂದಳು ಫಾರ್ಮಸಿಸ್ಟ್.

ಬಡಿತ ನಿಂತುಹೋಗಿತ್ತು.

“ಇಲ್ಲೇ ನೋಡೋಣ. ಕೂತ್ಕೋ.”

ಹುಡುಗಿ ಟೈಪ್ ಮಾಡಿದಳು. ಸರಿ. ಮಾಮ ಒಂದೊಂದೇ ಅಕ್ಷರ ಒತ್ತಿದರು. ಅವಳಿಗೆ ಪರದೆ ನೋಡುವ ಧೈರ್ಯವಾಗದೆ ಬಾಗಿಲಿಗೆ ಹಣೆಯಿಟ್ಟು ನಿಂತಳು. ಬೀಗ ಕಳಚಿದ್ದು ಹಣೆಗೇ ತಿಳಿಯಿತು.

ಅವನು ಗೋಡೆಗೊರಗಿ ಕುಕ್ಕರಗಾಲಲ್ಲಿ ಕೂತಿದ್ದ. ತುಟಿ ನೀಲಿಗಟ್ಟಿತ್ತು. ಅವಳೂ ಹುಡುಗಿಯೂ ಹಿಡಿದು ಹೊರಗೆಳೆದರು. ಮಾಮ ತಮ್ಮ ಕೋಟು ಬಿಚ್ಚಿ ಹೊದಿಸಿದರು. ಅವನು ಹಲ್ಲು ಕಟಕಟಿಸುತ್ತಲೇ ಹೆಂಡತಿಯತ್ತ ನೋಡಿ ನಕ್ಕ.

“ನೀನು ಮಾಡಿದ ಬೀಗ ಅಲ್ವಾ, ತೆಗೀತೀಯ ಅಂತ ಧೈರ್ಯವಾಗಿದ್ದೆ.”

“ನಾನು ಮಾಡಿದ್ದಕ್ಕೇ ರೀ, ಅದು ಇಷ್ಟೊತ್ತು ತೆರೀಲಿಲ್ಲ,” ಎಂದಳು.